ಬಿಚ್ಚಲು ಬರುವಂತೆ ಕಟ್ಟಿ: ರಕ್ಷಣೆಯ ಬಂಧನ ವಿಧಿ ಮಾಡುವ ಕ್ರಮ

ವಿಷ್ಣು ಸಹಸ್ರನಾಮ ಪಾರಾಯಣ ಮಾಡುವವರು ನ್ಯಾಸದಲ್ಲಿ (ಮೊದಲಿಗೆ ಮಂತ್ರ ಹೇಳುತ್ತ ಅಂಗಗಳನ್ನು ಮುಟ್ಟಿಕೊಳ್ಳುವ ವಿಧಿ) ‘ಋತುಃ ಸುದರ್ಶನಃ ಕಾಲ ಇತಿ ದಿಗ್ಬಂಧಃ’ ಎಂದು ದಿನವೂ ಹೇಳಿಕೊಂಡು ಮುಂದೆ ಹೋಗುತ್ತಾರೆ. ಹಾಗೆಂದರೇನು ಎಂದು ಕೇಳಿದರೆ ಹಲವರು ಒಂದು ಗಳಿಗೆ ತಡವರಿಸುತ್ತಾರೆ. ದಿಕ್ಕುಗಳನ್ನು ಕಟ್ಟುವುದು ಎಂದರ್ಥ; ಕೂತವರ ಸುತ್ತ ಮಾತಿನಲ್ಲೇ ಹಾಕುವ ಬೇಲಿ. ಬೇರೆ ಎಷ್ಟೋ ಜಪಗಳಲ್ಲಿ ಆರಂಭಕ್ಕೆ ‘ಭೂರ್ಭುವಸ್ಸುವರೋಮಿತಿ ದಿಗ್ಬಂಧಃ’ ಎಂದು ಕಟ್ಟುತ್ತಾರೆ, ಜಪ ಮುಗಿದ ಮೇಲೆ ಕೊನೆಯ ಪದವೊಂದನ್ನು ಬದಲಿಸಿ ‘ದಿಗ್ವಿಮೋಕಃ’ ಎಂದು ಬಿಚ್ಚುತ್ತಾರೆ. ಕಟ್ಟುವ ಮಾತೂ ಬಿಚ್ಚುವ ಮಾತೂ ಒಟ್ಟೊಟ್ಟಿಗೇ ಇರುತ್ತವೆ.

ಇವತ್ತು ‘ರಕ್ಷಣೆಗೆ ಬಂಧನ’ ಎಂದು ಕೈಯಿಂದ ಕೈಗೆ ಓಡಾಡುವ ಸೂಚನೆಗಳಲ್ಲಿ ಈ ಎರಡನೆಯ ಅರ್ಧವೇ ಕಾಣುವುದಿಲ್ಲ. ದಾರ ಯಾವ ಬಣ್ಣ, ಗಂಟು ಎಷ್ಟು, ಮೇಣದಬತ್ತಿ ಯಾವ ಮೂಲೆಗೆ ಎಂದೆಲ್ಲ ಇರುತ್ತದೆ. ಯಾವಾಗ ಬಿಚ್ಚಬೇಕು, ಹೇಗೆ ಬಿಚ್ಚಬೇಕು ಎಂದು ಕೇಳಿದರೆ ಉತ್ತರವಿಲ್ಲ. ನಾನು ಬರೆಯಲು ಕೂತದ್ದೇ ಆ ಅರ್ಧಕ್ಕಾಗಿ.

ಶುರುಮಾಡುವ ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಇಲ್ಲಿ ನೀವು ದಾರಕ್ಕೆ ಗಂಟು ಹಾಕಿದರೆ ಅಲ್ಲಿ ಒಬ್ಬರ ಕೈ ನಿಂತುಹೋಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಕೊಡುವವರು ಸಿಕ್ಕರೆ ದೂರವಿರಿ, ದುಡ್ಡು ಕೇಳಿದರಂತೂ ಇನ್ನೂ ದೂರ. ಆದರೆ ಈ ವಿಧಿ ಮಾಡುವವರ ಮೇಲೆ ಏನು ಮಾಡುತ್ತದೆ ಎಂಬುದು ಬೇರೆ ವಿಷಯ. ಮಾನವಶಾಸ್ತ್ರಜ್ಞ ಮಾಲಿನೋವ್ಸ್ಕಿ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ನ್ಯೂಗಿನಿಯ ಪೂರ್ವಕ್ಕಿರುವ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದು ಅಲ್ಲಿನ ಮೀನುಗಾರರನ್ನು ನೋಡಿದ. ದ್ವೀಪದ ಒಳಗಿನ ಶಾಂತ ಹಿನ್ನೀರಿನಲ್ಲಿ ಮೀನು ಹಿಡಿಯಲು ಅವರು ಯಾವ ಮಾಟಮಂತ್ರವನ್ನೂ ಮಾಡುತ್ತಿರಲಿಲ್ಲ. ಹೊರಗಿನ ತೆರೆದ ಕಡಲಿಗೆ ಹೋಗುವಾಗ ಮಾತ್ರ ವಿಧಿಯ ಮೇಲೆ ವಿಧಿ. ಜಾಣ್ಮೆ ಮುಗಿದು ಅಪಾಯ ಶುರುವಾಗುವ ಗೆರೆಯ ಮೇಲೆಯೇ ವಿಧಿ ಹುಟ್ಟುತ್ತದೆ. ಹಾಗೆಂದು ದೋಣಿಯ ತೂತು ಮುಚ್ಚುವುದನ್ನು ಅವರು ಮಂತ್ರಕ್ಕೆ ಬಿಟ್ಟಿರಲಿಲ್ಲ. ನೀವೂ ಬಿಡಬೇಡಿ: ಯಾರಾದರೂ ಹಿಂಬಾಲಿಸುತ್ತಿದ್ದರೆ, ಹೊಡೆಯುತ್ತಿದ್ದರೆ, ಬೆದರಿಸುತ್ತಿದ್ದರೆ ಮೊದಲ ಕೆಲಸ ಪೊಲೀಸರದು, ಮೈಗೆ ಹುಷಾರಿಲ್ಲದಿದ್ದರೆ ವೈದ್ಯರದು. ಗಂಟು ಅದರ ಜೊತೆಗೆ ಬರಲಿ, ಅದರ ಬದಲಿಗಲ್ಲ.

ನೀವು ಕಟ್ಟುತ್ತಿರುವುದು ಏನನ್ನು?

ಬಂಧನ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಕೆಲಸಗಳಿವೆ. ಜಾಗವನ್ನು ಕಟ್ಟುವುದು ಒಂದು. ದಿಗ್ಬಂಧ ಈ ಬಗೆಯದು, ಪಾಶ್ಚಾತ್ಯ ಮಾಂತ್ರಿಕರು ಎಳೆಯುವ ವೃತ್ತವೂ ಇದೇ. ಮೈಯನ್ನು ಕಟ್ಟುವುದು ಎರಡನೆಯದು: ರಕ್ಷಾಸೂತ್ರ, ಕಂಕಣ, ತಾಯತ. ಅಥರ್ವವೇದದಲ್ಲಿ ‘ಪ್ರತಿಸರ’ ಎಂಬ ರಕ್ಷೆ ಬರುತ್ತದೆ. ಅದನ್ನು ಕಟ್ಟಿಕೊಂಡವರ ಕಡೆಗೆ ಮಾಡಿದ ಮಾಟ ಮಾಡಿದವರ ಕಡೆಗೇ ಮರಳಲಿ ಎಂಬುದು ಅಲ್ಲಿನ ಬೇಡಿಕೆ.

ಮೂರನೆಯದು ಎದುರಿನವರ ಕೃತ್ಯವನ್ನು ಕಟ್ಟುವುದು. ಎಡವುವುದೆಲ್ಲ ಇಲ್ಲೇ. ಪ್ರಾಚೀನ ಗ್ರೀಕರು ಇದಕ್ಕೆ ‘ಕಟಾಡೆಸ್ಮೋಸ್’ ಎನ್ನುತ್ತಿದ್ದರು, ಕಟ್ಟಿಹಾಕುವುದು ಎಂದೇ ಅರ್ಥ. ತೆಳು ಸೀಸದ ತಗಡಿನ ಮೇಲೆ ಹೆಸರು ಗೀರಿ, ಸುರುಳಿ ಸುತ್ತಿ, ಮೊಳೆ ಹೊಡೆದು ಗೋರಿಗೋ ಬಾವಿಗೋ ಹಾಕುತ್ತಿದ್ದರು. ಅಥೆನ್ಸಿನಲ್ಲಿ ಸಿಕ್ಕ ಕ್ರಿ.ಪೂ. 4ನೇ ಶತಮಾನದ ತಗಡುಗಳಲ್ಲಿ ಎಷ್ಟೋ ನ್ಯಾಯಾಲಯದ ವ್ಯಾಜ್ಯಕ್ಕೆ ಸಂಬಂಧಿಸಿದವು. ಎದುರು ಕಕ್ಷಿಯ ನಾಲಗೆ ಕಟ್ಟಿಹೋಗಲಿ ಎಂದು ಅವು ಬೇಡುತ್ತವೆ. ನಮ್ಮ ‘ಬಾಯಿ ಕಟ್ಟುವುದು’ ಎಂಬ ಮಾತನ್ನು ಅವರ ಮುಂದೆ ಬಿಡಿಸಿ ಹೇಳಬೇಕಾಗಿರಲಿಲ್ಲ. (ಸೀಸ ವಿಷ. ಹಳೆಯ ವಿಧಿ ಎಂದು ಅದನ್ನು ಕೈಯಲ್ಲಿ ಹಿಡಿದು ಗೀರಲು ಹೋಗಬೇಡಿ.)

ಮೊದಲ ಸಲ ಮಾಡುವವರು ಮೊದಲೆರಡರಲ್ಲೇ ನಿಲ್ಲುವುದು ಒಳ್ಳೆಯದು. ಮೂರನೆಯದು ಬೇಕೇ ಬೇಕು ಎನಿಸಿದರೆ ವ್ಯಕ್ತಿಯನ್ನು ಕಟ್ಟಬೇಡಿ, ಕೃತ್ಯವನ್ನು ಕಟ್ಟಿ. ಈ ಕ್ಷೇತ್ರದಲ್ಲೇ ಈ ಬಗ್ಗೆ ಜಗಳವಿದೆ. 2017ರ ಫೆಬ್ರವರಿ 24ರ ರಾತ್ರಿ ಅಮೆರಿಕದಲ್ಲಿ ಹಲವು ಮಂದಿ ಸೇರಿ ಅಧ್ಯಕ್ಷ ಟ್ರಂಪ್ ಅವರ ಮೇಲೆ ಸಾಮೂಹಿಕ ಬಂಧನ ವಿಧಿ ಮಾಡಿದರು, ಮುಂದೆ ಕ್ಷೀಣಚಂದ್ರನ ರಾತ್ರಿಗಳಲ್ಲಿ ಅದನ್ನೇ ಮತ್ತೆ ಮತ್ತೆ ಮಾಡಿದರು. ಇದು ಶಾಪವಲ್ಲ, ಹಾನಿ ಮಾಡದಂತೆ ಹಿಡಿದು ನಿಲ್ಲಿಸುವುದಷ್ಟೇ ಎಂದು ಮಾಡಿದವರು ಹೇಳಿದರು. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಇಚ್ಛೆಯನ್ನು ಕಟ್ಟುವುದು ಹೇಗಿದ್ದರೂ ತಪ್ಪೇ ಎನ್ನುವ ಮಾಂತ್ರಿಕರೂ ಇದ್ದಾರೆ. ಹೊಡೆಯಲು ಎತ್ತಿದ ಕೈಯನ್ನು ಹಿಡಿಯಬಹುದು, ಆದರೆ ಆ ಕೈ ಬಿದ್ದುಹೋಗಲಿ ಎಂದು ಬೇಡಬಾರದು: ನನ್ನ ಗೆರೆ ಅಲ್ಲಿದೆ.

ಮೊದಲ ಹೆಜ್ಜೆ: ವಾಕ್ಯ

ದಾರ ಮುಟ್ಟುವ ಮುಂಚೆ ಪೆನ್ಸಿಲ್ ಹಿಡಿಯಿರಿ. ಇಡೀ ವಿಧಿಯಲ್ಲಿ ಹೆಚ್ಚು ಹೊತ್ತು ಹಿಡಿಯಬೇಕಾದ ಕೆಲಸ ಇದೇ. ಅವಸರ ಮಾಡಿದರೆ ಮುಂದಿನದೆಲ್ಲ ಬರೀ ದಾರದ ಆಟ.

ಇಂಗ್ಲೆಂಡಿನ ಬಾತ್ ನಗರದಲ್ಲಿ ಬಿಸಿನೀರಿನ ಬುಗ್ಗೆಯಿದೆ. ರೋಮನ್ನರ ಕಾಲದಲ್ಲಿ ಅದು ಸೂಲಿಸ್ ಮಿನರ್ವಾ ದೇವಿಯ ಸನ್ನಿಧಿ. ಅಲ್ಲಿ ಇಂಥವೇ ಸುಮಾರು 130 ತಗಡುಗಳು ಸಿಕ್ಕಿವೆ. ಬಹುಪಾಲು ಕಳವಿನ ದೂರುಗಳು: ಯಾರೋ ಸ್ನಾನಕ್ಕೆ ಇಳಿದಿದ್ದಾಗ ಮೇಲಂಗಿ ಹೋಗಿದೆ, ಇನ್ನೊಬ್ಬರ ಪುಡಿಗಾಸು ಮಾಯವಾಗಿದೆ. ಕದ್ದವರು ಯಾರೆಂದು ಗೊತ್ತಿಲ್ಲದಾಗ ಅವರು ಊಹೆಯ ಹೆಸರು ಬರೆಯುತ್ತಿರಲಿಲ್ಲ. ‘ಗಂಡಾಗಲಿ ಹೆಣ್ಣಾಗಲಿ, ದಾಸನಾಗಲಿ ಸ್ವತಂತ್ರನಾಗಲಿ’ ಎಂದು ಬರೆಯುತ್ತಿದ್ದರು. ಕೇಳುತ್ತಿದ್ದ ಶಿಕ್ಷೆ ಘೋರವೇ, ನಿದ್ದೆ ಬಾರದಿರಲಿ, ಮಕ್ಕಳಾಗದಿರಲಿ ಎಂಬಂಥದ್ದು. ಆದರೂ ನನಗೆ ಹಿಡಿಸಿದ್ದು ಅವುಗಳ ಕೊನೆ: ಕದ್ದದ್ದನ್ನು ದೇವಿಯ ಗುಡಿಗೆ ತಂದೊಪ್ಪಿಸುವವರೆಗೆ. ಆ ‘ವರೆಗೆ’ ಇದೆಯಲ್ಲ, ಅದೇ ಬಿಚ್ಚುವ ಬಾಗಿಲು. ಸಿಟ್ಟಿನ ಭರದಲ್ಲೂ ಅವರು ಅದನ್ನು ಮರೆತಿರಲಿಲ್ಲ.

ಹಾಗಾಗಿ ನಿಮ್ಮ ವಾಕ್ಯದಲ್ಲಿ ಮೂರು ಇರಲಿ: ಯಾವ ಕೃತ್ಯ, ಯಾರ ರಕ್ಷಣೆಗೆ, ಎಲ್ಲಿಯವರೆಗೆ. ‘ಅವನ ಬಾಯಿ ಬಿದ್ದುಹೋಗಲಿ’ ಎಂಬುದು ವಾಕ್ಯವಲ್ಲ, ಹಿಡಿಶಾಪ. ಅದರ ಬದಲು: ‘ನನ್ನ ಬಗ್ಗೆ ಹಬ್ಬಿಸುತ್ತಿರುವ ಸುಳ್ಳು ನನ್ನ ಕೆಲಸವನ್ನೂ ನನ್ನ ನಿದ್ದೆಯನ್ನೂ ಮುಟ್ಟದಿರಲಿ, ಮೂರು ಅಮಾವಾಸ್ಯೆ ಕಳೆಯುವವರೆಗೆ ಈ ಗಂಟು ನಿಲ್ಲಲಿ.’ ಇಲ್ಲಿ ಹೆಸರಿಲ್ಲ, ಬೇಕಾಗಿಯೂ ಇಲ್ಲ. ಅನುಮಾನದ ಮೇಲೆ ಒಬ್ಬರ ಹೆಸರು ಬರೆದಿರೋ, ಆಮೇಲೆ ನಿಮ್ಮ ಕಣ್ಣಿಗೆ ಅವರೇ ತಪ್ಪಿತಸ್ಥರಾಗಿ ಕಾಣುತ್ತಾರೆ. ಅವರು ಕೆಮ್ಮಿದರೂ ಪುರಾವೆ.

ಬರೆದದ್ದನ್ನು ಒಂದು ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಗಟ್ಟಿಯಾಗಿ ಓದಿ. ಆ ಮಾತು ನಿಮ್ಮ ಬಗ್ಗೆಯೇ ಇನ್ನೊಬ್ಬರು ಬರೆದದ್ದಾಗಿದ್ದರೆ ಸಹಿಸುತ್ತಿದ್ದಿರಾ? ಇಲ್ಲವೆನಿಸಿದರೆ ಹರಿದು ಮತ್ತೆ ಬರೆಯಿರಿ. ನಾನು ಒಮ್ಮೆ ಹೀಗೆ ನಾಲ್ಕು ಸಲ ಹರಿದೆ. ಐದನೆಯ ಸಲಕ್ಕೆ ಕಾಗದದ ಮೇಲೆ ಉಳಿದದ್ದು ‘ಆ ಮಾತನ್ನು ನಾನು ಮನೆಗೆ ಹೊತ್ತು ತರದಿರಲಿ’ ಎಂಬುದು ಮಾತ್ರ. ಕಟ್ಟಬೇಕಾದದ್ದು ಎದುರಿನವರ ಬಾಯಿಯಲ್ಲ, ನನ್ನ ಕಿವಿ ಎಂದು ಗೊತ್ತಾದದ್ದು ಹಾಗೆ.

ಸಾಮಗ್ರಿ ಮತ್ತು ಹೊತ್ತು

ಎರಡು ಮೊಳ ಹತ್ತಿಯ ದಾರ, ಕಾಗದ, ಪೆನ್ಸಿಲ್, ಒಂದು ದೀಪ, ಮುಚ್ಚಳವಿರುವ ಚಿಕ್ಕ ಡಬ್ಬಿ. ಇಷ್ಟು ಸಾಕು. ನೈಲಾನ್ ದಾರ ಬೇಡ. ಬೆಂಕಿ ತಗುಲಿದರೆ ಕರಗಿ ಕೈಮೇಲೆ ತೊಟ್ಟಿಕ್ಕುತ್ತದೆ, ಗಂಟೂ ಜಾರುತ್ತದೆ. ರಕ್ಷೆಗೆ ಕೆಂಪು, ತಡೆಗೆ ಕಪ್ಪು ಎಂಬುದು ಹಲವು ಸಂಪ್ರದಾಯಗಳಲ್ಲಿ ಕಾಣುವ ರೂಢಿ. ಸಿಗದಿದ್ದರೆ ಬಿಳಿಯದೇ ಆಗುತ್ತದೆ. ಇನ್ನೊಬ್ಬರ ಕೂದಲು, ಉಗುರು, ಬಟ್ಟೆಯ ಚೂರು ತರಲು ಹೋಗಬೇಡಿ. ಅದು ಕಳವು, ಮತ್ತು ಅದನ್ನು ತರುವ ನೆಪದಲ್ಲಿ ನೀವೇ ಅವರನ್ನು ಹಿಂಬಾಲಿಸುವವರಾಗಿಬಿಡುತ್ತೀರಿ.

ತಡೆಯುವ ವಿಧಿಗೆ ಕೃಷ್ಣಪಕ್ಷ, ಬೆಳೆಸುವ ವಿಧಿಗೆ ಶುಕ್ಲಪಕ್ಷ ಎನ್ನುತ್ತಾರೆ. ಪಾಶ್ಚಾತ್ಯರಲ್ಲಿ ಬಂಧನಕ್ಕೆ ಶನಿವಾರ. ಪಾಲಿಸಬಹುದು. ಹಸಿದು, ನಿದ್ದೆಗೆಟ್ಟು, ಈಗಷ್ಟೇ ಜಗಳವಾಡಿ ಬಂದು ಕೂರಬೇಡಿ ಎಂಬ ನಿಯಮ ಪಂಚಾಂಗಕ್ಕಿಂತ ಮುಖ್ಯ.

ಮೇರೆ ಹಾಕುವುದು

ಪೂರ್ವಕ್ಕೆ ಮುಖಮಾಡಿ ಕೂರಿ. ತಂತ್ರದ ಪದ್ಧತಿಯಲ್ಲಿ ‘ಅಸ್ತ್ರಾಯ ಫಟ್’ ಎನ್ನುತ್ತ ಮೂರು ಸಲ ಚಪ್ಪಾಳೆ ತಟ್ಟಿ, ತಲೆಯ ಸುತ್ತ ಹತ್ತು ದಿಕ್ಕಿಗೆ ಚಿಟಿಕೆ ಹೊಡೆಯುತ್ತಾರೆ. 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೋಲ್ಡನ್ ಡಾನ್ ಎಂಬ ಮಾಂತ್ರಿಕರ ಸಂಘದ ಪದ್ಧತಿಯಲ್ಲಿ ಪೂರ್ವದಿಂದ ಪ್ರದಕ್ಷಿಣೆಯಾಗಿ ನಾಲ್ಕು ದಿಕ್ಕಿಗೂ ಗಾಳಿಯಲ್ಲಿ ಪಂಚಕೋನ ನಕ್ಷತ್ರ ಬರೆದು, ರಫಾಯೆಲ್, ಗೇಬ್ರಿಯಲ್, ಮೈಕೇಲ್, ಔರಿಯೆಲ್ ಎಂಬ ದೇವದೂತರನ್ನು ಕರೆಯುತ್ತಾರೆ. ಒಂದು ಪೂರ್ವದ್ದು, ಒಂದು ಪಶ್ಚಿಮದ್ದು, ಆದರೆ ಇಬ್ಬರೂ ಶುರುಮಾಡುವುದು ಪೂರ್ವದಿಂದಲೇ ಎಂಬುದು ನನಗೆ ಯಾವಾಗಲೂ ಸೋಜಿಗ.

ನಿಮಗೆ ಉಪದೇಶವಾಗಿರುವ ಮಂತ್ರವಿದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಪುಸ್ತಕದಿಂದ ಎತ್ತಿದ ಬೀಜಾಕ್ಷರಗಳನ್ನು ಅರ್ಧಂಬರ್ಧ ಉಚ್ಚರಿಸುವುದಕ್ಕಿಂತ ಸೀದಾ ಕನ್ನಡ ಮೇಲು. ಒಂದೊಂದು ದಿಕ್ಕಿಗೂ ತಿರುಗಿ, ಒಂದು ಚಿಟಿಕೆ ಹೊಡೆದು, ‘ಈ ಕಡೆ ಕಟ್ಟಿದೆ’ ಎನ್ನಿ. ಮೇಲೆ ನೋಡಿ ಒಮ್ಮೆ, ನೆಲ ಮುಟ್ಟಿ ಒಮ್ಮೆ. ಎರಡು ಸಂಪ್ರದಾಯಗಳನ್ನು ಒಂದೇ ಕೂರುವಿಕೆಯಲ್ಲಿ ಬೆರೆಸಬೇಡಿ. ದೋಷ ಬರುತ್ತದೆಂದು ಹೆದರಿಸುತ್ತಿಲ್ಲ, ಗಮನ ಒಡೆಯುತ್ತದೆ ಅಷ್ಟೇ.

ಗಂಟು

ದಾರವನ್ನು ಎರಡೂ ಕೈಯಲ್ಲಿ ಹಿಡಿದು ವಾಕ್ಯವನ್ನು ಒಮ್ಮೆ ಓದಿ. ಈಗ ಜೀರುಗುಣಿಕೆ ಹಾಕಿ. ಕಗ್ಗಂಟು ಬೇಡ, ಜೀರುಗುಣಿಕೆಯೇ ಆಗಬೇಕು: ದಾರವನ್ನು ಸುತ್ತಿ ಒಂದು ಕುಣಿಕೆ ಮಾಡಿ, ಅದರೊಳಗಿಂದ ದಾರದ ತುದಿಯನ್ನು ಪೂರ್ತಿ ಎಳೆಯದೆ, ತುದಿಯ ಪಕ್ಕದ ಭಾಗವನ್ನು ಮಡಿಚಿ ಕಿವಿಯಂತೆ ಹೊರತೆಗೆದು ಬಿಗಿಯಿರಿ. ಶೂ ಲೇಸಿನ ಒಂದು ಕಿವಿ ಇದ್ದ ಹಾಗೆ. ಆ ತುದಿಯನ್ನು ಎಳೆದರೆ ಗಂಟು ಬಿಟ್ಟುಕೊಳ್ಳುತ್ತದೆ. ವಿಧಿಗೆ ಮೊದಲು ಬೇರೊಂದು ದಾರದಲ್ಲಿ ಐದಾರು ಸಲ ಕಟ್ಟಿ ಬಿಚ್ಚಿ ಕೈ ಪಳಗಿಸಿಕೊಳ್ಳಿ. ದೀಪದ ಮುಂದೆ ಕೂತು ಗಂಟು ಬಾರದೆ ಬೈದುಕೊಂಡರೆ ಏಕಾಗ್ರತೆ ಎಲ್ಲಿ ಉಳಿದೀತು?

ಒಂದು ಗಂಟಿಗೆ ಒಂದು ಉಸಿರು. ಉಸಿರು ಎಳೆಯುವಾಗ ಕುಣಿಕೆ, ಬಿಡುವಾಗ ಬಿಗಿತ, ಬಿಗಿಯುವಾಗ ವಾಕ್ಯ. ಆಧುನಿಕ ಪಾಶ್ಚಾತ್ಯ ಮಾಂತ್ರಿಕರಲ್ಲಿ ಒಂಬತ್ತು ಗಂಟಿನ ಕ್ರಮ ಪ್ರಸಿದ್ಧ: ಮೊದಲು ಒಂದು ತುದಿ, ಆಮೇಲೆ ಇನ್ನೊಂದು ತುದಿ, ಮೂರನೆಯದು ನಡುಮಧ್ಯೆ, ಮುಂದಿನವು ಉಳಿದ ಅಂತರಗಳನ್ನು ತುಂಬುತ್ತ ಹೋಗುತ್ತವೆ. ಹೊಸಬರಿಗೆ ಮೂರೇ ಸಾಕು. ಮೂರಕ್ಕೂ ಒಂದು ಹಳೆಯ ಕಥೆಯಿದೆ. ಉತ್ತರದ ಸಮುದ್ರತೀರಗಳಲ್ಲಿ ಮಾಂತ್ರಿಕರು ನಾವಿಕರಿಗೆ ಮೂರು ಗಂಟಿನ ಹಗ್ಗದಲ್ಲಿ ಗಾಳಿಯನ್ನೇ ಕಟ್ಟಿ ಮಾರುತ್ತಿದ್ದರೆಂದು ಸ್ವೀಡನ್ನಿನ ಪಾದ್ರಿ ಓಲಾಸ್ ಮ್ಯಾಗ್ನಸ್ 1555ರಲ್ಲಿ ಬರೆದಿದ್ದಾನೆ. ಮೊದಲ ಗಂಟು ಬಿಚ್ಚಿದರೆ ತಂಗಾಳಿ, ಎರಡನೆಯದಕ್ಕೆ ಬಿರುಸು, ಮೂರನೆಯದಕ್ಕೆ ಬಿರುಗಾಳಿ. ಕಟ್ಟಿದ್ದು ಒಳಗೇ ಕೂತಿರುತ್ತದೆ, ಬಿಚ್ಚಿದ ದಿನ ಹೊರಬರುತ್ತದೆ ಎಂಬ ನಂಬಿಕೆ ಅದು. ಸಿಟ್ಟು ಕಟ್ಟಿದ ದಾರದಿಂದ ಇನ್ನೇನು ಹೊರಬಂದೀತು, ನೀವೇ ಯೋಚಿಸಿ.

ಮೈಗೆ ಕಟ್ಟಿಕೊಳ್ಳುವ ರಕ್ಷೆಯಾದರೆ ಗಂಟಿನ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲ ಇರಲಿ. ಎಳೆಯ ಮಕ್ಕಳ ಕುತ್ತಿಗೆಗೆ ದಾರ ಕಟ್ಟಲೇಬೇಡಿ, ಸಿಕ್ಕಿಹಾಕಿಕೊಂಡರೆ ಉಸಿರಿಗೆ ಅಪಾಯ. ಚರ್ಮ ಕೆಂಪಾದರೆ, ತುರಿಸಿದರೆ ತೆಗೆಯಿರಿ. ರಕ್ಷಾಸೂತ್ರ ಕಟ್ಟುವಾಗ ಹೇಳುವ ಪ್ರಸಿದ್ಧ ಶ್ಲೋಕ ಬಲಿ ಚಕ್ರವರ್ತಿಯನ್ನು ಕಟ್ಟಿದ ಕಥೆಯನ್ನು ನೆನೆದು, ‘ರಕ್ಷೇ ಮಾ ಚಲ ಮಾ ಚಲ’ ಎಂದು ಮುಗಿಯುತ್ತದೆ. ಅಲುಗಬೇಡ, ಕದಲಬೇಡ ಎಂದು ಹೇಳುತ್ತಿರುವುದು ಕಟ್ಟಿಸಿಕೊಂಡ ಮನುಷ್ಯನಿಗಲ್ಲ, ರಕ್ಷೆಗೆ. ಮನುಷ್ಯ ಓಡಾಡಿಕೊಂಡಿರಲಿ, ಕಾವಲು ಮಾತ್ರ ಜಾಗ ಬಿಡದಿರಲಿ.

ಕಟ್ಟಿಯಾದ ಮೇಲೆ ಮರುದಿನ ಭಯವಾಯಿತೆಂದು ಅದರ ಮೇಲೊಂದು, ಅದಕ್ಕೂ ಮೇಲೊಂದು ಕಟ್ಟುವ ಚಪಲ ಬರುತ್ತದೆ. ಸುಂದರಕಾಂಡ ನೆನಪಿಸಿಕೊಳ್ಳಿ. ಇಂದ್ರಜಿತ್ತು ಬ್ರಹ್ಮಾಸ್ತ್ರದಿಂದ ಹನುಮಂತನನ್ನು ಕಟ್ಟಿದ. ಅದು ಸಾಲದೆಂದು ರಾಕ್ಷಸರು ಓಡಿಬಂದು ನಾರಿನ ಹಗ್ಗದಿಂದಲೂ ಬಿಗಿದರು. ಇನ್ನೊಂದು ಕಟ್ಟನ್ನು ಸಹಿಸದ ಅಸ್ತ್ರ ಅಲ್ಲಿಗೇ ಬಿಟ್ಟುಹೋಯಿತು. ಇಂದ್ರಜಿತ್ತಿಗೆ ಅದು ತಿಳಿಯಿತು, ಹಗ್ಗ ಎಳೆಯುತ್ತಿದ್ದವರಿಗೆ ತಿಳಿಯಲಿಲ್ಲ. ದಿನಕ್ಕೊಂದು ಗಂಟು ಹಾಕುವ ಸ್ಥಿತಿ ಬಂದಿದ್ದರೆ ನಿಮಗೆ ಬೇಕಾಗಿರುವುದು ಕೂತು ಮಾತಾಡಿಸುವ ಮನುಷ್ಯರು, ಇನ್ನೊಂದು ದಾರವಲ್ಲ.

ಕೊನೆಗೆ ಮೇರೆಯನ್ನು ತೆರೆಯಿರಿ. ದಿಕ್ಕುಗಳನ್ನು ಹಿಮ್ಮುಖವಾಗಿ ಸುತ್ತಿ ‘ಈ ಕಡೆ ಬಿಟ್ಟಿದೆ’ ಎನ್ನಿ. ದೀಪ ಆರಿಸದೆ ಎದ್ದು ಹೋಗಬೇಡಿ.

ಇಡುವುದು ಎಲ್ಲಿ

ವಾಕ್ಯದ ಕಾಗದವನ್ನು ಮಡಿಚಿ ದಾರದೊಂದಿಗೆ ಡಬ್ಬಿಯಲ್ಲಿಡಿ. ಹೊರಗೆ ಬಿಚ್ಚುವ ದಿನಾಂಕ ಬರೆದಿರಲಿ. ಇನ್ನೊಬ್ಬರ ಮನೆ ಬಾಗಿಲಲ್ಲಿ, ಅಂಗಳದಲ್ಲಿ ಇಡುವುದು ರಕ್ಷಣೆಯಲ್ಲ, ಹೆದರಿಸುವುದು. ಹೊಳೆ, ಕೆರೆಗೂ ಎಸೆಯಬೇಡಿ.

ಹೂಳುವುದನ್ನು ಹಲವರು ಹೇಳುತ್ತಾರೆ, ನಾನೂ ಒಮ್ಮೆ ಹೂತೆ. ಕೈತೋಟದ ಮೂಲೆಯಲ್ಲಿ, ಕತ್ತಲಲ್ಲಿ, ಬಹಳ ಗಂಭೀರವಾಗಿ. ಆರು ತಿಂಗಳ ಮೇಲೆ ಬಿಚ್ಚಲು ಹೋದರೆ ಯಾವ ಮೂಲೆ ಎಂದೇ ಮರೆತಿತ್ತು. ಎರಡು ಸಂಜೆ ಅಗೆದೆ, ಸಿಗಲಿಲ್ಲ. ಯಾರನ್ನು ನೆನೆದು ಕಟ್ಟಿದ್ದೆನೋ ಅವರೊಂದಿಗೆ ಅಷ್ಟರಲ್ಲಿ ರಾಜಿಯಾಗಿತ್ತು. ಅವರು ಎದುರಿಗೆ ನಗುತ್ತ ಮಾತಾಡುವಾಗಲೆಲ್ಲ ಮಣ್ಣಿನಡಿಯ ಆ ಗಂಟು ನನ್ನ ಗಂಟಲಲ್ಲೇ ಇದ್ದಂತೆ ಅನಿಸುತ್ತಿತ್ತು.

ಈಚೆಗೆ ಕಾಗದವನ್ನು ನೀರಿನ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸುವ ವಿಧಾನ ಜನಪ್ರಿಯವಾಗಿದೆ. ನೋಡಿದರೆ ನಗು ಬರಬಹುದು, ಆದರೆ ಬಿಚ್ಚುವ ದಾರಿ ಅದರೊಳಗೇ ಇದೆ, ಕರಗಿಸಿದರೆ ಮುಗಿಯಿತು. ಕರೆಂಟು ಹೋದ ರಾತ್ರಿ ಅದು ತಾನೇ ಬಿಚ್ಚಿಕೊಂಡರೆ ಅಪಶಕುನವೆಂದು ತಿಳಿಯಬೇಡಿ.

ಬಿಚ್ಚುವುದು

ರೋಮಿನಲ್ಲಿ ಜ್ಯೂಪಿಟರ್ ದೇವರ ಮುಖ್ಯ ಅರ್ಚಕನ ಉಡುಪಿನಲ್ಲಿ ಎಲ್ಲಿಯೂ ಒಂದು ಗಂಟಿರಕೂಡದೆಂಬ ಕಟ್ಟಳೆಯಿತ್ತು. ಸಂಕೋಲೆ ತೊಟ್ಟ ಮನುಷ್ಯ ಅವನ ಮನೆಯೊಳಗೆ ಬಂದರೆ ಸಂಕೋಲೆ ಕಳಚಿ, ಅಂಗಳದ ತೆರೆದ ಸೂರಿನ ಮೂಲಕ ಮಾಡಿನ ಮೇಲೆತ್ತಿ, ಅಲ್ಲಿಂದ ಬೀದಿಗೆ ಇಳಿಬಿಡಬೇಕಿತ್ತು. ಹೆರಿಗೆಯ ದೇವಿ ಜೂನೋ ಲೂಸೀನಾಳ ಪೂಜೆಗೂ ಮೈಮೇಲೆ ಗಂಟಿಲ್ಲದೆ ಬರಬೇಕಿತ್ತು, ಗಂಟು ಹೆರಿಗೆಯನ್ನು ತಡೆಯುತ್ತದೆಂಬ ನಂಬಿಕೆಯಿಂದ. ಕಟ್ಟಿನ ಬಲವನ್ನು ನಂಬಿದವರೇ ಬಿಚ್ಚುವುದಕ್ಕೂ ಇಷ್ಟು ಕಟ್ಟುನಿಟ್ಟು ಮಾಡಿದ್ದರು.

ಬರೆದಿಟ್ಟ ದಿನ ಬಂದಾಗ, ಅಥವಾ ಅದಕ್ಕೆ ಮೊದಲೇ ಕಾರಣ ತೀರಿಹೋದಾಗ, ಡಬ್ಬಿ ತೆಗೆಯಿರಿ. ಮತ್ತೆ ಮೇರೆ ಹಾಕಿಕೊಳ್ಳಿ. ವಾಕ್ಯ ಓದಿ. ಓದುವಾಗ ಮೊದಲಿನ ಸಿಟ್ಟು ಈಗ ಎಷ್ಟಿದೆ ಎಂದು ನೋಡಿಕೊಳ್ಳಿ, ನಾಚಿಕೆಯಾದರೂ ಪರವಾಗಿಲ್ಲ. ಕೊನೆಗೆ ಹಾಕಿದ ಗಂಟನ್ನು ಮೊದಲು ಎಳೆಯಿರಿ, ಮೊದಲು ಹಾಕಿದ್ದನ್ನು ಕೊನೆಗೆ. ಒಂದೊಂದಕ್ಕೂ ‘ಬಿಟ್ಟೆ’ ಎಂದರೆ ಸಾಕು. ಕತ್ತರಿ ಬೇಡ. ಗಂಟು ಬಿಗಿದುಕೊಂಡಿದ್ದರೆ ಸೂಜಿಯ ಮೊನೆಯಿಂದ ಸಡಿಲಿಸಿ, ಎಷ್ಟು ಹೊತ್ತಾದರೂ ಆಗಲಿ. ಕಾರಣ ಇನ್ನೂ ತೀರಿರದಿದ್ದರೆ ಅದೇ ಗಂಟನ್ನು ಮುಂದುವರಿಸಬೇಡಿ. ಇದನ್ನು ಬಿಚ್ಚಿ, ಒಂದು ವಾರ ಬಿಟ್ಟು, ಹೊಸ ವಾಕ್ಯದಿಂದ ಶುರುಮಾಡಿ. ವಾರದಲ್ಲಿ ವಾಕ್ಯ ಬದಲಾಗುವುದು ಸಾಮಾನ್ಯ.

ಕಾಗದವನ್ನು ಮರಳು ಹಾಕಿದ ಮಣ್ಣಿನ ಪಾತ್ರೆಯಲ್ಲಿ, ಕಿಟಕಿ ತೆರೆದು ಸುಡಿ. ಪಕ್ಕದಲ್ಲಿ ನೀರಿರಲಿ. ಸುಡುವ ಅನುಕೂಲವಿಲ್ಲದಿದ್ದರೆ ನೀರಲ್ಲಿ ನೆನೆಸಿ ಮುದ್ದೆ ಮಾಡಿದರೂ ಆಯಿತು.

ಡಬ್ಬಿಯೇ ಕಳೆದುಹೋಗಿದ್ದರೆ ನಾನು ಕೊನೆಗೆ ಮಾಡಿದ್ದನ್ನು ಮಾಡಿ: ಹೊಸ ದಾರದಲ್ಲಿ ಅಷ್ಟೇ ಗಂಟು, ಅದೇ ಮಾತು ಹೇಳಿ ಹಾಕಿ, ಆ ಕೂರುವಿಕೆಯಲ್ಲೇ ಒಂದೊಂದಾಗಿ ಬಿಚ್ಚಿ. ಬಿಚ್ಚಿದ ದಾರದಲ್ಲಿ ಗಂಟಿನ ಸುಕ್ಕು ಉಳಿದಿರುತ್ತದೆ. ಒಂದು ರಾತ್ರಿ ನೀರಲ್ಲಿ ಹಾಕಿ, ಹಿಂಡದೆ ನೆರಳಿನಲ್ಲಿ ಒಣಗಿಸಿದರೆ ಮಾರನೆಯ ದಿನಕ್ಕೆ ಬಹುಪಾಲು ಹೋಗುತ್ತದೆ. ಆಮೇಲೆ ಅದರಿಂದ ಹೂ ಕಟ್ಟಬಹುದು, ಗುಂಡಿ ಹೊಲಿಯಬಹುದು.